ಚೀಟಿ ಎತ್ತುವ ಕೈ

ಮಾದಾಪುರದಲ್ಲಿ ಮಳೆ ಬಿಟ್ಟಿತೆಂದರೆ ನಮ್ಮ ಮಕ್ಕಳಿಗೆ ಹಾಕಿಯದೇ ಧ್ಯಾನ. ಪಂದ್ಯಗಳ ಚೀಟಿ ಎತ್ತುವುದು ನನ್ನ ಪಾಲಿನ ಕೆಲಸ. ಒಂದು ವರ್ಷ, ಮೊದಲ ಸುತ್ತಿನಲ್ಲೇ ಬಲವಾದ ತಂಡ ಎದುರಾದ ಹುಡುಗಿಯೊಬ್ಬಳು, “ಟೀಚರ್, ಆ ಚೀಟಿ ಬೇರೆ ಥರ ಇತ್ತು” ಎಂದಳು. ನನಗೆ ಸಿಟ್ಟು ಬಂತು.

1985ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲಾಟರಿಯಲ್ಲಿ, ಕೈಗೆ ಗುರುತು ಸಿಗಲೆಂದು ನ್ಯೂಯಾರ್ಕ್ ತಂಡದ ಲಕೋಟೆಯನ್ನು ತಣ್ಣಗೆ ಮಾಡಿಟ್ಟಿದ್ದರೆಂದು ಅಭಿಮಾನಿಗಳು ಇಂದಿಗೂ ಆಡಿಕೊಳ್ಳುತ್ತಾರೆ. ರುಜುವಾತಾಗಲಿಲ್ಲ, ಗುಮಾನಿ ಮಾತ್ರ ಹೋಗಲಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಹಾಕಿ ಉತ್ಸವವನ್ನು ಕಂಡ ನಮಗೂ ಗೊತ್ತು: ಸೋತವರು ಮನೆಗೆ ನಡೆಯುವ ಆಟದಲ್ಲಿ ಚೀಟಿಯೇ ಅರ್ಧ ಹಣೆಬರಹ.

ಸಂಜೆ ಚೀಟಿಗಳನ್ನು ಬಿಡಿಸಿ ನೋಡಿದೆ. ಒಂದು ನಿಜಕ್ಕೂ ದಪ್ಪ ಕಾಗದದ್ದು. ಕತ್ತರಿಸುವಾಗ ನಾನೇ ಗಮನಿಸಿರಲಿಲ್ಲ. ಮರುದಿನ ತರಗತಿಯ ಮುಂದೆ ಹೇಳಿ, ಮತ್ತೆ ಚೀಟಿ ಎತ್ತಿಸಿದೆ. ಅಂದಿನಿಂದ ಮಡಚುವವರೂ ಎತ್ತುವವರೂ ಮಕ್ಕಳೇ.