ಎಂಬತ್ತೇಳರಲ್ಲಿ ಒಂದು ಪಾಲು

ತಲಕಾಡಿಗೆ ರೈಲು ಬರುವುದಿಲ್ಲ. ಟಿ. ನರಸೀಪುರಕ್ಕೂ ಇಲ್ಲ. ನಮಗೆ ರೈಲು ಎಂದರೆ ನಂಜನಗೂಡಿನದು, ಇಲ್ಲವೇ ಮೈಸೂರಿನದು. ಹಾಗಿದ್ದೂ ನಮ್ಮ ಮನೆಯ ಒಂದು ಕೋಣೆಯಲ್ಲಿ ಎರಡು ವರ್ಷದಿಂದ ರೈಲು ಓಡುತ್ತಿದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆ; ಅದರ ಮೇಲೆ ಹಳಿ, ಕಲ್ಲಿನ ಸೇತುವೆ, ಒಂದು ನಿಲ್ದಾಣ, ಎರಡು ಸೆಂಟಿಮೀಟರ್ ಎತ್ತರವೂ ಇಲ್ಲದ ಜನ. "ಈ ವಯಸ್ಸಲ್ಲಿ ಆಟದ ಸಾಮಾನು ಯಾಕ್ರೀ ಟೀಚರಮ್ಮಾ?" ಎಂದು ಕೇಳಿದವರುಂಟು. ಮೂವತ್ತು ವರ್ಷ ಗಣಿತ ಕಲಿಸಿದವಳು ನಾನು. ಇದು ಆಟವೂ ಹೌದು, ಲೆಕ್ಕವೂ ಹೌದು.

ಶುರುವಾದದ್ದು ಮೊಮ್ಮಗನ ಹುಟ್ಟುಹಬ್ಬದಿಂದ. ಅವನು ಮೈಸೂರಿನಲ್ಲಿ ಓದುತ್ತಾನೆ, ರಜೆ ಬಂದರೆ ಇಲ್ಲಿಗೆ ಬರುತ್ತಾನೆ. ಅವನಪ್ಪ ಒಂದು ಪೆಟ್ಟಿಗೆ ರೈಲು ಕೊಡಿಸಿದ್ದ. ಪೆಟ್ಟಿಗೆಯ ಮೇಲೆ 'ಎಚ್‌ಓ' ಎಂದು ಬರೆದಿತ್ತು, ಪಕ್ಕದಲ್ಲಿ 1:87 ಎಂಬ ಅಂಕಿ.

"ಅಜ್ಜಿ, ಇದೇನು?" ಎಂದ.

"ಇದು ಸ್ಕೇಲು ಪುಟ್ಟ. ನಿಜವಾದ ರೈಲಿನ 87 ಸೆಂಟಿಮೀಟರು ಇಲ್ಲಿ ಒಂದು ಸೆಂಟಿಮೀಟರು."

ಬೇರೆ ಸ್ಕೇಲುಗಳೂ ಇವೆ ಮಕ್ಕಳೇ. 'ಓ' ಎಂಬುದು ಇದರ ಎರಡರಷ್ಟು ದೊಡ್ಡದು. ಅದು ಮೊದಲಿಗೆ ಅಕ್ಷರವಲ್ಲ, ಸೊನ್ನೆ. ಅದರ ಅರ್ಧವಾದ್ದರಿಂದ ನಮ್ಮದು 'ಹಾಫ್ ಓ', ಅಂದರೆ ಎಚ್‌ಓ. 'ಎನ್' ಸ್ಕೇಲಿನ ಹಳಿಯ ಅಗಲ ಒಂಬತ್ತು ಮಿಲಿಮೀಟರ್. ಇಂಗ್ಲಿಷಿನ ನೈನ್‌ಗೂ ಜರ್ಮನಿನ ನೋಯ್ನ್‌ಗೂ ಮೊದಲ ಅಕ್ಷರ ಎನ್ ಆದ್ದರಿಂದ ಆ ಹೆಸರು. ಇನ್ನೂ ಚಿಕ್ಕದು 'ಜೆಡ್'. ಅದು ನಿಜದ 220ರಲ್ಲಿ ಒಂದು ಪಾಲು, ಇಂಜಿನ್ನು ಅಂಗೈಯಲ್ಲಿ ಕೂರುತ್ತದೆ.

ಸ್ಕೇಲ್ ಬೇರೆ, ಗೇಜ್ ಬೇರೆ. ಎಷ್ಟು ಪಾಲು ಕುಗ್ಗಿಸಿದ್ದೇವೆ ಎಂಬುದು ಸ್ಕೇಲ್. ಎರಡು ಹಳಿಗಳ ನಡುವಿನ ಅಗಲ ಗೇಜ್. ಮೊಮ್ಮಗನ ಪೆಟ್ಟಿಗೆಯ ಹಳಿ ಅಳೆದರೆ 16.5 ಮಿಲಿಮೀಟರ್ ಬಂತು. ಅದನ್ನು 87ರಿಂದ ಗುಣಿಸಲು ಹೇಳಿದೆ. 1435.5 ಎಂದ.

"ಸರಿ. 1435 ಮಿಲಿಮೀಟರ್ ಅಂದರೆ ಸ್ಟ್ಯಾಂಡರ್ಡ್ ಗೇಜ್. ಯೂರೋಪಿನ ಬಹುಪಾಲು ರೈಲು ಓಡೋದು ಅದರ ಮೇಲೆ. ಬೆಂಗಳೂರಿನ ನಮ್ಮ ಮೆಟ್ರೋ ಕೂಡ ಅದರ ಮೇಲೇ. ಆದರೆ ನೀನು ಮೈಸೂರಲ್ಲಿ ನೋಡೋ ಬ್ರಾಡ್ ಗೇಜ್ 1676."

"ಹಂಗಾದ್ರೆ ಈ ಹಳಿ ನಮ್ಮ ರೈಲಿಗೆ ಆಗಲ್ವಾ?"

"ಬ್ರಾಡ್ ಗೇಜಿಗೆ ಹತ್ತೊಂಬತ್ತು ಮಿಲಿಮೀಟರಿಗೂ ಮೇಲೆ ಬೇಕು. ನಾನು ಕಂಡ ರೈಲಿಗೆ ಹನ್ನೊಂದೂವರೆ ಸಾಕು."

"ನೀನು ಕಂಡ ರೈಲು ಯಾವುದು ಅಜ್ಜಿ?"

ಈ ಪ್ರಶ್ನೆಗೆ ಉತ್ತರ ಹೇಳಲು ಹೋಗಿಯೇ ಹಲಗೆ ಬಂತು, ಗರಗಸ ಬಂತು.

ನಾನು ನಂಜನಗೂಡಿನವಳು. ಮೈಸೂರಿನಿಂದ ಅಲ್ಲಿಗೆ 1891ರಲ್ಲೇ ಮೀಟರ್ ಗೇಜ್ ರೈಲು ಬಂದಿತ್ತು. 1926ರಲ್ಲಿ ಅದೇ ಹಳಿ ಚಾಮರಾಜನಗರ ಮುಟ್ಟಿತು. ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ರೈಲೆಂಬುದು ಲೋಕದಲ್ಲಿ ಇಲ್ಲದ ಕಾಲದ ಸೇತುವೆ ಅದು. ಮುಂದೆ ಅದರ ಮೇಲೇ ಹಳಿ ಹಾಕಿದರು. ಒಂದೇ ಸೇತುವೆಯ ಮೇಲೆ ರಸ್ತೆಯೂ ರೈಲೂ. ಅಪ್ಪನ ಕೈ ಹಿಡಿದು ನಡೆಯುವಾಗ ಪಕ್ಕದಲ್ಲೇ ಇಂಜಿನ್ ಉಸಿರು ಬಿಡುತ್ತಾ ಹೋಗುತ್ತಿತ್ತು. ಕಲ್ಲು ನಡುಗುವುದು ಅಂಗಾಲಿಗೆ ತಿಳಿಯುತ್ತಿತ್ತು.

2008ರ ಹೊತ್ತಿಗೆ ಆ ದಾರಿಯೆಲ್ಲ ಬ್ರಾಡ್ ಗೇಜ್ ಆಯಿತು. ರೈಲಿಗೆ ಬೇರೆ ಸೇತುವೆ ಬಂತು. ಒಳ್ಳೆಯದೇ ಆಯಿತು, ದೂರದ ಊರುಗಳಿಂದ ಗಾಡಿ ಬದಲಿಸದೆ ಬರಬಹುದು. ಹಳೆಯ ಸೇತುವೆ ಇನ್ನೂ ನಿಂತಿದೆ, ರೈಲು ಮಾತ್ರ ಅದರ ಮೇಲೆ ಹೋಗುವುದಿಲ್ಲ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ಮ್ಯೂಸಿಯಮ್ಮಿಗೆ ಹೋದರೆ ಹಳೆಯ ಉಗಿ ಇಂಜಿನ್ನುಗಳನ್ನು ಮುಟ್ಟಿ ನೋಡಬಹುದು, ಮಹಾರಾಜರ ಬೋಗಿಗಳನ್ನೂ ನೋಡಬಹುದು. ಆದರೆ ಸೇತುವೆಯ ಮೇಲೆ ಹೋಗುವ ಆ ಗಾಡಿಯನ್ನು ಮೊಮ್ಮಗನಿಗೆ ತೋರಿಸಲು ನನಗೆ ಬೇರೆ ದಾರಿ ಕಾಣಲಿಲ್ಲ.

ಭಾರತದ ಮೀಟರ್ ಗೇಜಿನ ಮಾದರಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೊಂದು ಉಪಾಯ ಉಂಟು. 'ಟಿಟಿ' ಎಂಬ, 120ರಲ್ಲಿ ಒಂದು ಪಾಲಿನ ಸ್ಕೇಲಿನವರ ಹಳಿಯ ಅಗಲ 12 ಮಿಲಿಮೀಟರ್. ನಮಗೆ ಬೇಕಾದ ಹನ್ನೊಂದೂವರೆಗೆ ಅರ್ಧ ಮಿಲಿಮೀಟರ್ ಹೆಚ್ಚು, ಅಷ್ಟೆ. ಆ ಹಳಿ ತರಿಸಿದೆವು. ಅದರ ಮೇಲೆ ಓಡುವ ಹಳೆಯ ಇಂಜಿನ್ನೊಂದರ ಚಕ್ರ ಮೋಟಾರು ಉಳಿಸಿಕೊಂಡು, ಮೇಲಿನ ಮೈಯನ್ನು ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಮಾಡಿದೆವು. ಹದಿನೈದು ಮೀಟರಿನ ತೆಂಗಿನ ಮರ ನಮ್ಮ ಲೆಕ್ಕದಲ್ಲಿ 17 ಸೆಂಟಿಮೀಟರ್. ಅದಕ್ಕೆ ಪೊರಕೆ ಕಡ್ಡಿ. ಐದೂವರೆ ಅಡಿಯ ಮನುಷ್ಯ 19 ಮಿಲಿಮೀಟರ್, ಅದಕ್ಕೆ ಬೆಂಕಿಕಡ್ಡಿ.

ಹಳಿಯ ಕೆಳಗೆ ಹಾಸುವ ಜಲ್ಲಿಗೆ ಏನು ಮಾಡುವುದು? ನಿಜವಾದ ಜಲ್ಲಿ ಸುಮಾರು 50 ಮಿಲಿಮೀಟರ್. 87ರಿಂದ ಭಾಗಿಸಿದರೆ 0.6 ಮಿಲಿಮೀಟರಿಗೆ ಹತ್ತಿರ. ಅದು ಮರಳಿನ ಅಳತೆ! ತಲಕಾಡಿನಲ್ಲಿ ಮರಳಿಗೆ ಬರವೇ? ದೇವಸ್ಥಾನಗಳನ್ನೇ ಮುಚ್ಚಿದ ಮರಳು ನಮ್ಮದು. ಹಿತ್ತಲಿನಿಂದ ಒಂದು ಬೊಗಸೆ ತಂದು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆವು. ಆಮೇಲೆ ಒಂದು ಅಯಸ್ಕಾಂತ ಆಡಿಸಬೇಕು. ಮರಳಿನಲ್ಲಿರುವ ಕಪ್ಪು ಕಬ್ಬಿಣದ ಹರಳು ಮೋಟಾರಿನೊಳಗೆ ಸೇರಿದರೆ ಇಂಜಿನ್ ಕೆಟ್ಟಿತು. ಮರಳು ಹಾಸಿ, ನೀರು ಬೆರೆಸಿದ ಫೆವಿಕಾಲನ್ನು ಇಂಕ್ ಫಿಲ್ಲರಿನಲ್ಲಿ ಹನಿಹನಿಯಾಗಿ ಬಿಟ್ಟೆವು. ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿತ್ತು. ಹಳಿಯ ತಲೆಯ ಮೇಲೆ ಮಾತ್ರ ಒಂದು ಕಣವೂ ಇರಬಾರದು. ಇಂಜಿನ್ನಿಗೆ 12 ವೋಲ್ಟ್ ವಿದ್ಯುತ್ತು ಹಳಿಯಿಂದಲೇ ಚಕ್ರಕ್ಕೆ ಏರಬೇಕು. ಧೂಳು ಕೂತರೆ ಗಾಡಿ ಅಲ್ಲೇ ನಿಂತಿತು. ದಿನಾ ಸ್ಪಿರಿಟ್ ಬಟ್ಟೆಯಲ್ಲಿ ಒರೆಸುವುದು ಮೊಮ್ಮಗನ ಕೆಲಸ.

ಎಲ್ಲಕ್ಕೂ ಲೆಕ್ಕ ಸಿಕ್ಕಿತು, ದೂರಕ್ಕೆ ಸಿಗಲಿಲ್ಲ. ಮೈಸೂರು ನಂಜನಗೂಡು ಸುಮಾರು 25 ಕಿಲೋಮೀಟರ್. ಎಂಬತ್ತೇಳು ಪಾಲು ಮಾಡಿದರೂ 287 ಮೀಟರ್ ಆಯಿತು. ನಮ್ಮ ಹಲಗೆ ಎರಡು ಮೀಟರಿಗೂ ಕಡಿಮೆ. ತಿರುವಿನದೂ ಅದೇ ಕಥೆ: 175 ಮೀಟರ್ ತ್ರಿಜ್ಯದ ತಿರುವಿಗೆ ಇಲ್ಲಿ ಎರಡು ಮೀಟರ್ ತ್ರಿಜ್ಯ ಬೇಕು; ನಾವು ಒಂದೂವರೆ ಅಡಿಯಲ್ಲಿ ತಿರುಗಿಸಿದೆವು. ಈ ಹವ್ಯಾಸದವರೆಲ್ಲ ಹೀಗೆಯೇ ಮಾಡುತ್ತಾರೆ. ವಸ್ತುವನ್ನು ಕುಗ್ಗಿಸುತ್ತಾರೆ, ದೂರವನ್ನು ಬಿಟ್ಟುಕೊಡುತ್ತಾರೆ. ಏನನ್ನು ಉಳಿಸಿಕೊಳ್ಳಬೇಕು ಎಂಬುದೇ ಲೇಔಟಿನ ಕೆಲಸ. ನಾನು ಸೇತುವೆಯ ಒಂಬತ್ತು ಕಂಡಿ, ಒಂದು ನಿಲ್ದಾಣ ಉಳಿಸಿಕೊಂಡೆ.

ಈ ಬೇಸಿಗೆಯಲ್ಲಿ ಜಗಳ ಬಂತು. ಮೊಮ್ಮಗ ಒಂದು ಹೊಸ ಬೋರ್ಡು ಬರೆದು ತಂದ. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ 'ತಲಕಾಡು'.

"ತಲಕಾಡಲ್ಲಿ ಸ್ಟೇಷನ್ ಎಲ್ಲಿದೆಯೋ ಮರಿ?"

"ಇಲ್ಲ. ಅದಕ್ಕೇ ಮಾಡೋಣ ಅಂತ."

"ಇಲ್ಲದ್ದನ್ನ ಮಾಡಿದರೆ ಸುಳ್ಳಾಗುತ್ತೆ. ಇದು ನಾನು ಕಂಡ ದಾರಿ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀನು ಇಪ್ಪತ್ತೈದು ಕಿಲೋಮೀಟ್ರು ಬಿಟ್ಟುಬಿಟ್ಟಿದ್ದೀಯ, ಅದು ಸುಳ್ಳಲ್ವಾ? ನಾನು ಒಂದು ಸ್ಟೇಷನ್ ಸೇರಿಸಿದ್ರೆ ಮಾತ್ರ ಸುಳ್ಳಾ? ನಿನಗೆ ನೋಡಿದ್ದು ಬೇಕು. ನನಗೆ ನೋಡಬೇಕಾದ್ದು ಬೇಕು."

ಬಿಡುವುದಕ್ಕೂ ಸೇರಿಸುವುದಕ್ಕೂ ವ್ಯತ್ಯಾಸವಿದೆ ಎಂದು ಈಗಲೂ ನನ್ನ ವಾದ. ಸೇತುವೆಯ ಪಕ್ಕದಲ್ಲೇ ತಲಕಾಡು ಇಟ್ಟರೆ, ನೋಡಿದ ಪಕ್ಕದ ಮನೆ ಮಗು ಹಿಂದೆ ರೈಲು ಬರುತ್ತಿತ್ತು ಎಂದೇ ತಿಳಿದುಕೊಂಡೀತು. ಆದರೆ ಅವನ ಆಸೆಯೂ ಸುಳ್ಳಲ್ಲ. ಬಸ್ಸಿಗೆ ಕಾದು ಕಾದು ಬರುವ ಹುಡುಗ ಅವನು.

ದಾರಿ ತೋರಿಸಿದ್ದು ಈ ಹವ್ಯಾಸವೇ. ಹೊರದೇಶಗಳ ರೈಲು ಮಾದರಿ ಸಂಘಗಳಲ್ಲಿ ಒಬ್ಬೊಬ್ಬರು ಒಂದೊಂದು ಹಲಗೆ ಮಾಡಿ ತಂದು ಜೋಡಿಸುತ್ತಾರೆ. ಒಬ್ಬರ ಹಲಗೆಯಲ್ಲಿ ಹಿಮ, ಇನ್ನೊಬ್ಬರದರಲ್ಲಿ ಕಡಲು. ಯಾರೂ ಕೇಳುವುದಿಲ್ಲ. ಒಪ್ಪಂದ ತುದಿಗೆ ಮಾತ್ರ: ಹಲಗೆಯ ಎತ್ತರ, ಹಳಿ ಬಂದು ಸೇರುವ ಜಾಗ, ತಂತಿಯ ಜೋಡಣೆ. ಅಷ್ಟು ಸರಿಯಿದ್ದರೆ ಗಾಡಿ ದಾಟುತ್ತದೆ.

ಹಾಗೆಯೇ ಮಾಡಿದೆವು. ಎರಡು ಅಡಿಯ ಬೇರೆ ಹಲಗೆ, ಎರಡು ಬೋಲ್ಟು. ನನ್ನ ಹಲಗೆಯ ಅಂಚಿಗೆ 'ಕಂಡದ್ದು' ಎಂದು ಚೀಟಿ ಅಂಟಿಸಿದೆ, ಅವನದಕ್ಕೆ 'ಬೇಕಾದದ್ದು' ಎಂದು ಅವನೇ ಅಂಟಿಸಿದ. ಜೋಡಣೆಯಲ್ಲಿ ಹಳಿ ಕೂದಲೆಳೆಯಷ್ಟು ಎತ್ತರವಾದರೂ ಇಂಜಿನ್ ಉರುಳುತ್ತದೆ. ಮೂರು ದಿನ ಕಾಗದದ ಚೂರು ಕೊಟ್ಟು ಕೊಟ್ಟು ಸಮ ಮಾಡಿದೆವು. ನಾಲ್ಕನೆಯ ದಿನ ನನ್ನ ಬಾಲ್ಯದ ಗಾಡಿ ಕಪಿಲೆಯ ಸೇತುವೆ ದಾಟಿ, ಜೋಡಣೆಯ ಮೇಲೆ ಟಕ್ ಎಂದು ಸದ್ದು ಮಾಡಿ, ತಲಕಾಡಿಗೆ ಬಂತು. ಅವನು ಕುಣಿದ. ನನ್ನ ಕಣ್ಣು ಯಾಕೋ ತುಂಬಿತು.

ಮಕ್ಕಳೇ, ಇಂಜಿನ್ನು ಹಳಿ ಕೊಳ್ಳಲೇಬೇಕೆಂದಿಲ್ಲ. ಮನೆಯ ಬಾಗಿಲು, ಶಾಲೆಯ ಧ್ವಜದ ಕಂಬ ಅಳೆದು 87ರಿಂದ ಭಾಗಿಸಿ, ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿ. ತಾತನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಅವರು ಕಂಡ ಊರಿನಲ್ಲಿ ಏನಿತ್ತು ಎಂದು ಕೇಳಿ. ಒಂದು ಹಲಗೆಗೆ ಸಾಕಾಗುವಷ್ಟು ಸಿಕ್ಕೇ ಸಿಗುತ್ತದೆ.

ಶಾಲೆ ಶುರುವಾಗಿ ಮೊಮ್ಮಗ ಮೈಸೂರಿಗೆ ಹೋದ. ಹೋಗುವ ಮುಂಚೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಾನೆ. ತಲಕಾಡಿಗೆ ಬರುವ ಸಮಯ: ಸಂಜೆ 5-30. ಹೊರಡುವ ಸಮಯ: ಅಜ್ಜಿ ಹೇಳಿದಾಗ.