ಬೆವರುವ ಗಡಿಗೆ

ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಯುಗಾದಿ ಹೊತ್ತಿಗೆ ಅಲ್ಲಿನ ಮನೆಗಳಿಗೆ ಹೊಸ ಗಡಿಗೆ ಬರುತ್ತದೆ. ಮೂಲೆಯಲ್ಲಿ ಮರಳಿನ ಮೇಲೆ ಕುಳಿತು ಸದ್ದಿಲ್ಲದೆ ಬೆವರುತ್ತದೆ. ಹೊರಮೈಗೆ ಜಿನುಗಿದ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ತೆತ್ತು ಒಳಗಿನ ನೀರು ತಣ್ಣಗಾಗುತ್ತದೆ. ಚೆಂದ ಕಾಣಲೆಂದು ಗಡಿಗೆಗೆ ಎಣ್ಣೆಬಣ್ಣ ಬಳಿದರೋ, ರಂಧ್ರ ಮುಚ್ಚಿತು, ತಂಪೂ ಹೋಯಿತು!

ಮನುಷ್ಯನೂ ಒಂದು ಗಡಿಗೆಯೇ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸುತ್ತದೆ, ಅಷ್ಟೆ. ಬೆವರಿಲ್ಲದ ಮೈಗೆ ನಲವತ್ತು ಡಿಗ್ರಿಯ ಗಾಳಿ ಬೀಸಿದರೆ ಬಿಸಿಯನ್ನೇ ಬಡಿಸಿದಂತೆ.

ವಯಸ್ಸಾದವರಿಗೆ ಬೆವರೂ ಕಡಿಮೆ, ಬಾಯಾರಿಕೆಯೂ ಕಡಿಮೆ. ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿ ರಾತ್ರಿಯೂ ಶಾಖ ಉಗುಳುತ್ತದೆ. ಮೊಮ್ಮಕ್ಕಳು ಮಾಳಿಗೆ ಮೇಲೆ ಚಾಪೆ ಹಾಸಿ ಚುಕ್ಕಿ ಎಣಿಸುತ್ತಾರೆ. ಮೆಟ್ಟಿಲು ಹತ್ತಲಾರದ ಅಜ್ಜಿ ಕೆಳಗೆ, ‘ನನಗೇನೂ ಬೇಡ’ ಎನ್ನುತ್ತಾ ಮಲಗಿರುತ್ತಾಳೆ. ಆ ಮಾತನ್ನು ನಂಬಬಾರದು. ಕೇಳದಿದ್ದರೂ ಆಗಾಗ ನೀರು, ಮಜ್ಜಿಗೆ ಕೊಡಬೇಕು. ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಫ್ಯಾನಿಗೂ ಕೆಲಸ ಸಿಕ್ಕೀತು. ಮಾತು ತೊದಲಿದರೆ, ಮಂಕು ಕವಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಗಡಿಗೆ ಬರಿದಾಗುವ ಮೊದಲೇ ತುಂಬಿಡುವ ಮನೆಗೆ ಇದೇನು ಕಷ್ಟದ ಪಾಠವಲ್ಲ.