ನೆರೆಹೊಲದ ಗಾಳಿ

ನಮ್ಮ ತಾಯಿಯವರು ತವರಿನಿಂದ ತಂದಿದ್ದ ವಸ್ತುಗಳಲ್ಲಿ ಒಂದು ಹಿಡಿ ಸೌತೆಯ ಬೀಜವೂ ಸೇರಿತ್ತು. ಪ್ರತಿವರ್ಷವೂ ಒಳ್ಳೆಯ ಒಂದೆರಡು ಕಾಯಿಗಳನ್ನು ಅವರು ಬಳ್ಳಿಯಲ್ಲಿಯೇ ಹಣ್ಣಾಗಲು ಬಿಡುತ್ತಿದ್ದರು. ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಆರಿಸಿ, ಬಟ್ಟೆಯಲ್ಲಿ ಕಟ್ಟಿ ಅಡಿಗೆಮನೆಯ ತೊಲೆಗೆ ತೂಗಹಾಕುತ್ತಿದ್ದರು. ಬಿಳಿಯ ಬಣ್ಣದ, ತೆಳುಸಿಪ್ಪೆಯ ಆ ಕಾಯಿಯ ಕೋಸಂಬರಿಯಿಲ್ಲದೆ ನಮ್ಮ ಮನೆಯಲ್ಲಿ ರಾಮನವಮಿಯೇ ಆಗುತ್ತಿರಲಿಲ್ಲ. ಒಂದು ವರ್ಷ ನೆರೆಮನೆಯವರು ಪೇಟೆಯಿಂದ ಹೊಸ ಸೌತೆಯ ಬೀಜವನ್ನು ತಂದು ಬೇಲಿಯ ಆಚೆಗೆ ಬಿತ್ತಿದರು. ಮರುವರ್ಷ ನಮ್ಮ ಬೀಜದಿಂದ ಹುಟ್ಟಿದ ಬಳ್ಳಿಗಳಲ್ಲಿ ಒರಟು ಸಿಪ್ಪೆಯ ಹಸುರು ಕಾಯಿಗಳು ತೂಗಾಡಿದುವು. ತಪ್ಪು ಯಾರದೆಂದು ಹೇಳೋಣ? ನೆರೆಯವರು ತಮ್ಮ ಹಿತ್ತಿಲಿನಲ್ಲಿ ತಮಗೆ ಬೇಕಾದುದನ್ನು ಬೆಳೆದರು. ಜೇನುಹುಳುವು ತನ್ನ ಕೆಲಸವನ್ನು ತಾನು ಮಾಡಿತು. “ಬೇಲಿ ದನಕ್ಕೆ, ಹುಳುವಿಗಲ್ಲ” ಎಂದು ತಾಯಿಯವರು ಸುಮ್ಮನಾದರು. ತವರಿನ ಬೀಜವು ಮಾತ್ರ ಮತ್ತೆ ದೊರೆಯಲಿಲ್ಲ.

ಅಮೆರಿಕದ ಮೆಂಡೊಸೀನೊ ಸೀಮೆಯ ವೃತ್ತಾಂತವನ್ನು ಓದುವಾಗ ನಮಗೆ ಈ ಸಂಗತಿಯು ನೆನಪಿಗೆ ಬಂದಿತು. ನಮ್ಮದು ಮದ್ಯವನ್ನು ಮುಟ್ಟದ ಮನೆ; ದ್ರಾಕ್ಷಿಯ ವೈನಿನ ಗುಣದೋಷಗಳನ್ನು ಹೇಳಲು ನಮಗೆ ಅಧಿಕಾರವಿಲ್ಲ. ಆದರೆ ಆ ವೈನನ್ನು ಮಾಡುವ ಒಕ್ಕಲುಗಳಿಗೆ ಬಂದೊದಗಿದ ಪ್ರಶ್ನೆಯು ನಮ್ಮ ಹಿತ್ತಿಲಿನ ಪ್ರಶ್ನೆಯೇ ಆಗಿರುವುದರಿಂದ ಅದನ್ನು ವಾಚಕರ ಮುಂದೆ ಇಡಲು ಇಚ್ಛಿಸುತ್ತೇವೆ.

ಮೆಂಡೊಸೀನೊ ಎಂಬುದು ಕ್ಯಾಲಿಫೋರ್ನಿಯಾದ ಉತ್ತರಭಾಗದಲ್ಲಿ ಸಮುದ್ರಕ್ಕೆ ತಗುಲಿರುವ ಒಂದು ಕೌಂಟಿ, ನಮ್ಮಲ್ಲಿ ಜಿಲ್ಲೆಯಿದ್ದಂತೆ. ಗೊಬ್ಬರ, ಔಷಧಗಳಲ್ಲಿ ರಾಸಾಯನಿಕವನ್ನು ಬಳಸದೆ ದ್ರಾಕ್ಷಿಯನ್ನು ಬೆಳೆಯುವುದಕ್ಕೆ ಅದು ಹೆಸರಾದುದು. ೨೦೦೪ನೆಯ ಇಸವಿ ಮಾರ್ಚ್ ೨ರಂದು ಅಲ್ಲಿಯ ಮತದಾರರು ಕುಲಾಂತರಿ ಬೆಳೆಗಳನ್ನು ತಮ್ಮ ಸೀಮೆಯಲ್ಲಿ ಬೆಳೆಯಕೂಡದೆಂದು ನಿರ್ಣಯಿಸಿದರು. ಒಂದು ಜೀವಿಯ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ತೆಗೆದು ಮತ್ತೊಂದರಲ್ಲಿ ಸೇರಿಸಿ ಪಡೆದ ತಳಿಗೆ ಕುಲಾಂತರಿಯೆಂದು ಹೆಸರು. ಅಮೆರಿಕದಲ್ಲಿ ಇಂತಹ ನಿಷೇಧವನ್ನು ಮಾಡಿದ ಕೌಂಟಿಗಳಲ್ಲಿ ಇದೇ ಮೊದಲನೆಯದು. ಬೀಜ ಮತ್ತು ಕೀಟನಾಶಕಗಳ ಕಂಪೆನಿಗಳ ಒಕ್ಕೂಟವು ಅದನ್ನು ಸೋಲಿಸಲು ಆರು ಲಕ್ಷ ಡಾಲರುಗಳಿಗೂ ಮಿಕ್ಕು ವೆಚ್ಚಮಾಡಿತು. ಆದರೂ ನೂರಕ್ಕೆ ಸುಮಾರು ೫೭ ಮತಗಳು ನಿಷೇಧದ ಕಡೆಗೆ ಬಿದ್ದುವು.

ಇಲ್ಲಿ ಒಂದು ಸೋಜಿಗವುಂಟು. ಆಗ ಮಾರಾಟಕ್ಕೆ ಬಂದಿದ್ದ ಕುಲಾಂತರಿ ದ್ರಾಕ್ಷಿಬಳ್ಳಿಯು ಒಂದೂ ಇರಲಿಲ್ಲ, ಈಗಲೂ ಇಲ್ಲ. ದ್ರಾಕ್ಷಿಯನ್ನು ಬೀಜದಿಂದ ಬೆಳೆಯುವ ರೂಢಿಯೂ ಇಲ್ಲ. ಬಳ್ಳಿಯ ತುಂಡನ್ನು ನೆಟ್ಟು ಅಥವಾ ಕಸಿಕಟ್ಟಿ ಬೆಳೆಸುವರು. ಆದುದರಿಂದ ನಮ್ಮ ಸೌತೆಯಂತೆ ಅದರ ಜಾತಿಯು ಜೇನುಹುಳುವಿನಿಂದ ಒಂದೇ ವರ್ಷದಲ್ಲಿ ಕೆಡುವಂತಿಲ್ಲ. ಹಾಗಿದ್ದಲ್ಲಿ ವೈನು ಮಾಡುವವರಲ್ಲಿ ಅನೇಕರು ಈ ನಿಷೇಧಕ್ಕೆ ಏಕೆ ಒತ್ತಾಸೆಯಾಗಿ ನಿಂತರು?

ಕಾರಣವು ಹೆಸರಿನಲ್ಲಿದೆ. ಅಕ್ಕಿಯನ್ನು ಕೊಳ್ಳುವವನು ಕಾಳನ್ನು ನೋಡಿ ಕೊಳ್ಳುತ್ತಾನೆ. ವೈನನ್ನು ಕೊಳ್ಳುವವನು ಸೀಸೆಯ ಮೇಲಿನ ಊರಿನ ಹೆಸರನ್ನು ನೋಡಿ ಕೊಳ್ಳುತ್ತಾನೆ. ಊರಿಗೆ ಕಳಂಕ ತಟ್ಟಿತೆಂಬ ಶಂಕೆಯೊಂದೇ ಸಾಕು, ಸರಕು ಉಗ್ರಾಣದಲ್ಲಿ ಉಳಿಯುವುದಕ್ಕೆ. ಅಲ್ಲದೆ ಅಮೆರಿಕದ ಸಾವಯವ ಕೃಷಿಯ ನಿಯಮಗಳು ಕುಲಾಂತರಿಯ ಬಳಕೆಯನ್ನು ಒಪ್ಪುವುದಿಲ್ಲ. ಬಳ್ಳಿಯಲ್ಲಿಲ್ಲದಿದ್ದರೂ ಬುದ್ದಲಿಯನ್ನು ಇಂತಹ ಜೀವಿಯು ಹೊಗುವಂತಾಗಿತ್ತು: ವೈನಿನ ಎರಡು ಬಗೆಯ ಹುದುಗುವಿಕೆಗಳನ್ನು ಒಂದೇ ಬಾರಿಗೆ ನಡೆಯಿಸಬಲ್ಲ ಕುಲಾಂತರಿ ಯೀಸ್ಟಿಗೆ ೨೦೦೩ರಲ್ಲಿ ಅಮೆರಿಕದಲ್ಲಿ ದಾರಿ ತೆರೆದಿತ್ತು. ಬೆಂಕಿ ಬಿದ್ದಮೇಲೆ ಬಾವಿ ತೋಡುವುದಕ್ಕಿಂತ ಮೊದಲೇ ತೋಡುವುದು ಮೇಲೆಂದು ಮೆಂಡೊಸೀನೊದವರು ಎಣಿಸಿದರು.

ಇಷ್ಟನ್ನು ಓದಿದಾಗ ನಾವು ಸಂಪೂರ್ಣವಾಗಿ ಅವರ ಪಕ್ಷವನ್ನೇ ಹಿಡಿದಿದ್ದೆವು. ಆದರೆ ದ್ರಾಕ್ಷಿಯ ಹಿಂದಿನ ಚರಿತ್ರೆಯನ್ನು ಓದತೊಡಗಿದ ಮೇಲೆ ನಮ್ಮ ಉತ್ಸಾಹವು ಸ್ವಲ್ಪ ತಗ್ಗಿತು. ೧೮೬೦ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಹೇನು ಫ್ರಾನ್ಸ್ ದೇಶದ ದ್ರಾಕ್ಷಿಬೇರುಗಳನ್ನು ಹಿಡಿಯಿತು. ೧೮೭೫ರಲ್ಲಿ ಎಂಟು ಕೋಟಿ ಹೆಕ್ಟೊಲೀಟರುಗಳನ್ನೂ ಮೀರಿದ್ದ ಆ ದೇಶದ ವೈನು ೧೮೮೯ರ ವೇಳೆಗೆ ಅದರ ಮೂರನೆಯ ಒಂದಂಶಕ್ಕಿಂತಲೂ ಕೆಳಗಿಳಿಯಿತು. ಪರಿಹಾರವೂ ಹೇನು ಬಂದ ದೇಶದಿಂದಲೇ ಬಂದಿತು. ಆ ಹೇನಿಗೆ ಬಗ್ಗದ ಅಮೆರಿಕದ ಬಳ್ಳಿಯ ಬೇರಿನ ಮೇಲೆ ಯೂರೋಪಿನ ಕುಡಿಯನ್ನು ಕಸಿಕಟ್ಟಿದರು. ಇದರಿಂದ ವೈನಿನ ರುಚಿ ಕೆಡುವುದೆಂದು ಅಂದು ಅನೇಕರು ಹಟಹಿಡಿದು ಕೂಗಾಡಿದರು. ಕಸಿಕಟ್ಟದವರ ತೋಟಗಳು ಒಣಗಿದುವು. ಇಂದು ಫ್ರಾನ್ಸಿನ ಪ್ರಸಿದ್ಧ ತೋಟಗಳಲ್ಲಿ ಬಹುಪಾಲು ಪರದೇಶದ ಬೇರಿನ ಮೇಲೆಯೇ ನಿಂತಿರುವುವು. ಊರಿನ ಹೆಸರು ಉಳಿದುದು ಹೊರಗಿನ ಬೇರಿನಿಂದ!

ಕ್ಯಾಲಿಫೋರ್ನಿಯಾದಲ್ಲಿಯೂ ಪಿಯರ್ಸ್ ರೋಗವೆಂಬ ಪೀಡೆಯುಂಟು. ಒಂದು ಸೂಕ್ಷ್ಮಾಣುವು ಜಿಗಿಹುಳುಗಳ ಮೂಲಕ ಬಳ್ಳಿಯನ್ನು ಸೇರಿ, ನೀರು ಹರಿಯುವ ನಾಳಗಳನ್ನು ಮುಚ್ಚಿ, ಒಣಗಿಸಿ ಕೊಲ್ಲುವುದು. ಇದಕ್ಕೆ ಮದ್ದು ಮುಂದೆ ಕುಲಾಂತರಿಯಿಂದಲೇ ಬಂದರೆ ಅದಕ್ಕೆ ಬಾಗಿಲು ಮುಚ್ಚಿದಂತಾಗದೆ ಎಂದು ಕೆಲವು ಬೆಳೆಗಾರರು ಕೇಳಿದರು. ಮೆಂಡೊಸೀನೊದ ನೆರೆಯ ಸೊನೋಮಾ ಕೌಂಟಿಯೂ ವೈನಿಗೆ ಹೆಸರಾದುದೇ. ಆದರೆ ಅಲ್ಲಿ ೨೦೦೫ರಲ್ಲಿ ಜನರ ಮುಂದಿಟ್ಟ ಹತ್ತು ವರ್ಷಗಳ ತಡೆಯು ಸೋತಿತು. ಮತ್ತೊಂದು ನಿಷೇಧವು ೨೦೧೬ರಲ್ಲಿ ಗೆದ್ದಿತು. ಮುಂದೆ ಡೇವಿಸ್ ನಗರದ ವಿಶ್ವವಿದ್ಯಾಲಯದವರು ಕಾಡುಬಳ್ಳಿಯೊಂದಿಗೆ ಒಳ್ಳೆಯ ದ್ರಾಕ್ಷಿಯನ್ನು ಹಳೆಯ ಕ್ರಮದಲ್ಲಿಯೇ ಮರಳಿ ಮರಳಿ ಸಂಕರಗೊಳಿಸಿ, ಆ ರೋಗಕ್ಕೆ ಬಗ್ಗದ ಐದು ತಳಿಗಳನ್ನು ಬೆಳೆಗಾರರಿಗೆ ಒದಗಿಸಿದರು. ಅವರಿಗೆ ಇಪ್ಪತ್ತು ವರ್ಷಗಳ ತಾಳ್ಮೆ ಬೇಕಾಯಿತು. ಆದರೆ ಎಲ್ಲ ರೋಗಗಳೂ ಇಪ್ಪತ್ತು ವರ್ಷ ಕಾಯುವುವೆಂದು ಯಾರು ಹೇಳಬಲ್ಲರು?

ಮೆಂಡೊಸೀನೊದ ಶಾಸನದಲ್ಲಿ ಒಂದು ನಗೆಪಾಟಲಾದ ತಪ್ಪೂ ಇದೆ. ಜೀವಕೋಶದಲ್ಲಿರುವ ಡಿಎನ್‌ಎ ಎಂಬ ವಸ್ತುವನ್ನು ಅದರಲ್ಲಿ ಒಂದು ಬಗೆಯ ಪ್ರೋಟೀನೆಂದು ಬರೆದುಬಿಟ್ಟರು. ಇದನ್ನು ಶಾಲೆಯ ಹುಡುಗನೂ ತಿದ್ದಬಲ್ಲನು. ಎದುರಾಳಿಗಳು ಇದನ್ನು ಎತ್ತಿ ಆಡಿದರು. ನಮಗೂ ನಗು ಬಂದಿತು. ಆದರೆ ನಮ್ಮ ತಾಯಿಯವರಿಗೆ ಡಿಎನ್‌ಎಯ ಹೆಸರೇ ತಿಳಿದಿರಲಿಲ್ಲ. ತಮ್ಮಿಂದ ಏನು ಕೈತಪ್ಪಿತೆಂಬುದು ಚೆನ್ನಾಗಿ ತಿಳಿದಿತ್ತು. ವಿದ್ಯೆಯು ಕಡಿಮೆಯಿದ್ದವರ ಕಳವಳವೆಲ್ಲವೂ ಅವಿವೇಕವಲ್ಲ. ಹಾಗೆಯೇ ಕಳವಳವಿದ್ದ ಮಾತ್ರಕ್ಕೆ ವಿದ್ಯೆಯನ್ನು ತಳ್ಳಿಹಾಕುವುದೂ ಸಲ್ಲದು.

ಹೀಗೆ ಎರಡು ಕಡೆಗೂ ತೂಗಿ ನೋಡಿದಾಗ ನಮಗೆ ತೋರುವುದಿಷ್ಟು. ನಿಷೇಧದ ನಿಜವಾದ ಬೆಲೆಯು ಬೇಡವೆಂಬುದರಲ್ಲಿಲ್ಲ. ಬಿತ್ತುವುದಕ್ಕೆ ಮುಂಚೆ ಊರಿನವರೆಲ್ಲರೂ ಕೂಡಿ ಮಾತನಾಡಿದರೆಂಬುದರಲ್ಲಿದೆ. ಗಾಳಿಗೂ ದುಂಬಿಗೂ ಬೇಲಿಯಿಲ್ಲ. ಆದುದರಿಂದ ನನ್ನ ಹೊಲ ನನ್ನ ಇಷ್ಟವೆಂಬ ಮಾತು ಬೀಜದ ವಿಷಯದಲ್ಲಿ ಪೂರ್ತಿ ಸಲ್ಲದು. ಆದರೆ ಒಮ್ಮೆ ಆಡಿದ ಮಾತನ್ನು ಕಾಲಕಾಲಕ್ಕೆ ಮತ್ತೆ ಪರೀಕ್ಷಿಸುವ ಧೈರ್ಯವೂ ಇರಬೇಕು. ದಕ್ಷಿಣ ಆಸ್ಟ್ರೇಲಿಯಾ ಪ್ರಾಂತವು ವೈನಿಗೆ ಪ್ರಖ್ಯಾತವಾದುದು. ೨೦೦೪ರಿಂದ ಅಲ್ಲಿ ತಡೆಯಿದ್ದಿತು. ಈ ತಡೆಯಿಂದ ಕನೋಲ ಎಂಬ ಎಣ್ಣೆಬೀಜಕ್ಕೆ ಹೆಚ್ಚಿನ ಬೆಲೆಯೇನೂ ದೊರೆತಿಲ್ಲವೆಂದು ಸರಕಾರವು ಮಾಡಿಸಿದ ವಿಚಾರಣೆಯಲ್ಲಿ ಕಂಡುಬಂದುದರಿಂದ ೨೦೨೦ರಲ್ಲಿ ತಡೆಯನ್ನು ತೆಗೆದರು. ಕಾಂಗರೂ ದ್ವೀಪಕ್ಕೆ ಮಾತ್ರ ಉಳಿಸಿದರು. ನಾಡಿಗೆ ಒಂದು ನ್ಯಾಯ, ದ್ವೀಪಕ್ಕೆ ಒಂದು ನ್ಯಾಯವೆಂದು ಇದನ್ನು ಹಳಿಯಬೇಕಾಗಿಲ್ಲ. ಅವರವರ ಹೊಲವನ್ನು ನೋಡಿ ನಿರ್ಣಯಿಸಿದಂತಾಯಿತು.

ನಮ್ಮ ದೇಶದಲ್ಲಿಯೂ ೨೦೧೦ರಲ್ಲಿ ಕುಲಾಂತರಿ ಬದನೆಯ ವಿಚಾರವಾಗಿ ಬೆಂಗಳೂರನ್ನೂ ಒಳಗೊಂಡು ಏಳು ಊರುಗಳಲ್ಲಿ ಬಹಿರಂಗ ಸಭೆಗಳು ನಡೆದು, ಆ ವರ್ಷದ ಫೆಬ್ರವರಿ ೯ರಂದು ಕೇಂದ್ರ ಸರಕಾರವು ಅದನ್ನು ತಡೆಹಿಡಿಯಿತು. ಉಡುಪಿಯ ಮಟ್ಟುಗುಳ್ಳದ ರುಚಿಯನ್ನು ಬಲ್ಲವರಿಗೆ ಊರಿನ ಹೆಸರು ಹೊತ್ತ ಕಾಯಿಯೆಂದರೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಆ ಸಭೆಗಳಲ್ಲಿ ಕೂಗಾಟವೂ ಸಾಕಷ್ಟಿತ್ತು. ಇರಲಿ, ಮಾತಿಲ್ಲದ ಮೌನಕ್ಕಿಂತ ಕೂಗಾಟವೂ ಮೇಲು.

ಆ ವರ್ಷ ನೆರೆಯವರು ಬಿತ್ತುವ ಮೊದಲು ಬೇಲಿಯ ಬಳಿ ನಿಂತು ಒಂದು ಮಾತು ಕೇಳಿದ್ದರೆ ನಮ್ಮ ತಾಯಿಯವರು ಬೇಡವೆನ್ನುತ್ತಿರಲಿಲ್ಲ. ಬಹುಶಃ ಹದಿನೈದು ದಿನ ತಡೆದು ಬಿತ್ತಿರೆನ್ನುತ್ತಿದ್ದರು. ಇಲ್ಲವೇ ತಮ್ಮ ಬೀಜದಲ್ಲಿಯೇ ಒಂದು ಪಾಲನ್ನು ಅವರ ಮಡಿಲಿಗೆ ಹಾಕುತ್ತಿದ್ದರು. ಹಾಗೆ ಹಾಕಿದ್ದರೆ ಆ ಬೀಜವು ಇಂದು ಯಾವುದಾದರೊಂದು ಮನೆಯ ತೊಲೆಯಲ್ಲಿ ತೂಗುತ್ತಿರುತ್ತಿತ್ತು.